ದೂರು ಇಳಿಯುವುದಕ್ಕೆ ಒಂದು ದಿನ, ಏರುವುದಕ್ಕೆ ಒಂದು ವರ್ಷ

ಈ ವಾರ ನಮ್ಮ ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲೆಲ್ಲ 40 ಸೆಕೆಂಡಿನ ಒಂದು ವಿಡಿಯೊ ಓಡಾಡಿತು. ಅಂಗನವಾಡಿ ಸಹಾಯಕಿಯೊಬ್ಬರು ಅಳುತ್ತಿರುವ ಮಗುವಿನ ತೋಳು ಹಿಡಿದು ಎಳೆದು ಚಾಪೆಯ ಮೇಲೆ ಕೂರಿಸುತ್ತಾರೆ, ಗದರುತ್ತಾರೆ. ಸಂಜೆಯೊಳಗೆ ‘ಇವಳನ್ನು ಮೊದಲು ಮನೆಗೆ ಕಳುಹಿಸಿ’ ಎಂಬ ಮಾತು ಎಲ್ಲರ ಬಾಯಲ್ಲೂ ಇತ್ತು. ಅದು ನನ್ನ ಮೇಲ್ವಿಚಾರಣೆಯ ವೃತ್ತಕ್ಕೆ ಸೇರಿದ ಅಂಗನವಾಡಿಯಲ್ಲ, ಆ ಹೆಣ್ಣುಮಗಳನ್ನು ನಾನು ನೋಡಿಯೂ ಇಲ್ಲ. ಮಗುವನ್ನು ಹಾಗೆ ಎಳೆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ 18 ವರ್ಷದಿಂದ ಅಂಗನವಾಡಿ ಮೇಲ್ವಿಚಾರಕಿಯಾಗಿರುವ ನನ್ನ ಕಣ್ಣು ಹೋದದ್ದು ವಿಡಿಯೊದ ಮೂಲೆಗೆ. ಅಲ್ಲಿ ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು. ಟೀಚರ್ ಎಲ್ಲೂ ಕಾಣಲಿಲ್ಲ. ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುತ್ತಿದ್ದರೋ, ಆಶಾ ಕಾರ್ಯಕರ್ತೆಯ ಜೊತೆ ಲಸಿಕೆಗೆ ತಾಯಂದಿರನ್ನು ಕರೆಯಲು ಹೋಗಿದ್ದರೋ, ಯಾರೂ ಕೇಳಲಿಲ್ಲ.

ನನ್ನ ವೃತ್ತದಲ್ಲಿ 24 ಕೇಂದ್ರಗಳಿವೆ. ಒಂದೊಂದರಲ್ಲಿ ಒಬ್ಬ ಕಾರ್ಯಕರ್ತೆ (ಎಲ್ಲರ ಬಾಯಲ್ಲಿ ‘ಟೀಚರ್’), ಒಬ್ಬ ಸಹಾಯಕಿ. ಅಂದರೆ 48 ಹೆಂಗಸರ ತಂಡ. ಅವರ ಸುತ್ತ ತಾಯಂದಿರು, ಅಜ್ಜಿಯರು, ಕೇಂದ್ರವನ್ನು ನೋಡಿಕೊಳ್ಳುವ ಊರಿನವರ ಬಾಲವಿಕಾಸ ಸಮಿತಿ, ಪಂಚಾಯಿತಿ ಸದಸ್ಯರು, ಮೇಲೆ ಅಧಿಕಾರಿಗಳು. ಎಲ್ಲರಿಗೂ ದೂರುಗಳಿವೆ, ಬಹುಪಾಲು ನ್ಯಾಯವಾದವೇ. ಆದರೆ ಊರಿನವರ ದೂರು ಮೇಲೆ ಹೋಗಿ ಕೆಳಗೆ ಬಂದು ಸಹಾಯಕಿಯ ತಲೆಯ ಮೇಲೆ ಬೀಳುವುದಕ್ಕೆ ಒಂದು ದಿನ ಸಾಕು. ಸಹಾಯಕಿಯ ದೂರು ಮೇಲೇರಿ ಉತ್ತರವಾಗಿ ಮರಳುವುದಕ್ಕೆ ವರ್ಷವಾದರೂ ಸಾಲದು. ಈ ಇಳಿಜಾರನ್ನು ತಕ್ಕಮಟ್ಟಿಗಾದರೂ ಸಮ ಮಾಡುವುದೇ ಮೇಲ್ವಿಚಾರಕಿಯ ಮುಖ್ಯ ಕೆಲಸ ಎಂದು ನಾನು ನಂಬಿದ್ದೇನೆ. ಇದನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು.

ಕಲಿಸಿದ್ದು ಒಂದು ಅಳತೆ ಹಲಗೆ.

ಮೂರು ವರ್ಷದ ಹಿಂದೆ ಗುಡ್ಡದ ಮೇಲಿನ ಒಂದು ಕೇಂದ್ರದ ಬಗ್ಗೆ ದೂರು ಬಂತು. 14 ತಿಂಗಳ ಹೆಣ್ಣುಮಗುವನ್ನು ತೀವ್ರ ಅಪೌಷ್ಟಿಕ ಎಂದು ಬರೆದಿದ್ದಾರೆ, ಟೀಚರ್‌ಗೆ ನಮ್ಮ ಮನೆಯ ಮೇಲೆ ಹಗೆ ಎಂದು ತಾಯಿ ಪಂಚಾಯಿತಿ ಸದಸ್ಯರಿಗೆ ಹೇಳಿದ್ದರು. ಸದಸ್ಯರು ಕಚೇರಿಗೆ ಹೇಳಿದರು, ಕಚೇರಿಯಿಂದ ನನಗೆ ಫೋನ್ ಬಂತು: ಟೀಚರ್‌ಗೆ ನೋಟಿಸ್ ಕೊಡಿ. ನಾನು ಒಂದು ದಿನದ ಸಮಯ ಕೇಳಿಕೊಂಡು, ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಹೋಗಿ ಕುಳಿತೆ. ಸಹಾಯಕಿ ಹಾಲಿನ ಪುಡಿ ಕದಡಿ ಕಾಯಿಸುವುದನ್ನು, ಟೀಚರ್ ಮಕ್ಕಳ ಮೂಗು ಒರೆಸುತ್ತಲೇ ಹಾಜರಿ ಹಾಕುವುದನ್ನು ನೋಡುತ್ತಾ ಒಂದು ತಾಸು ಏನನ್ನೂ ಕೇಳಲಿಲ್ಲ.

ಆಮೇಲೆ ತಾಯಿ, ಅತ್ತೆ ಇಬ್ಬರೂ ಬಂದರು. ಕುರ್ಚಿ ಕೊಟ್ಟರೂ ಕೂರಲಿಲ್ಲ. ಅತ್ತೆ ಕೇಳಿದ್ದು ಒಂದೇ ಮಾತು: ‘ಮನೆಯಲ್ಲಿ ಎರಡು ಹಸು ಹಾಲು ಕರೆಯುತ್ತಿವೆ. ಮಗುವಿಗೆ ತಿನ್ನಲು ಕೊಡುವುದಿಲ್ಲ ಎಂದು ಊರಿಗೆಲ್ಲ ಸಾರಿದಿರಲ್ಲ?’ ಆಗ ನಿಜ ಸಂಗತಿ ಹೊರಬಂತು. ಹಿಂದಿನ ವಾರದ ತಾಯಂದಿರ ಸಭೆಯಲ್ಲಿ ಟೀಚರ್ ಆ ಮಗುವಿನ ಹೆಸರನ್ನು ಎಲ್ಲರ ಮುಂದೆ ಓದಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಪಟ್ಟಿಯಲ್ಲಿ ಇದ್ದದ್ದನ್ನು ಓದಿದ್ದರು. ಆದರೆ ಆ ಮನೆಯವರಿಗೆ ಅದು ಬೀದಿಯಲ್ಲಿ ನಿಲ್ಲಿಸಿ ಬೈದ ಹಾಗಾಗಿತ್ತು. ದೂರಿನಲ್ಲಿ ‘ಹಗೆ’ ಎಂಬ ಪದವಿತ್ತು, ಒಳಗಿದ್ದದ್ದು ಅವಮಾನ.

ಮಗುವನ್ನು ಮತ್ತೆ ಅಳೆಯೋಣ ಎಂದೆ. ತೂಕ 6 ಕೆ.ಜಿ. 600 ಗ್ರಾಂ, ಬರೆದದ್ದೇ ಸರಿ. ತೋಳಿಗೆ ಪಟ್ಟಿ ಸುತ್ತಿದರೆ 11.9 ಸೆಂಟಿಮೀಟರ್, ಹಳದಿ, ಅಂದರೆ ಮಧ್ಯಮ ಅಪೌಷ್ಟಿಕತೆ. 11.5ಕ್ಕಿಂತ ಕೆಳಗಿಳಿದರೆ ಕೆಂಪು, ಅಂದರೆ ತೀವ್ರ. ಹಾಗಾದರೆ ಉದ್ದ? ಎರಡು ವರ್ಷದೊಳಗಿನ ಮಗುವನ್ನು ಮಲಗಿಸಿ, ಒಬ್ಬರು ತಲೆ ಹಿಡಿದು, ಇನ್ನೊಬ್ಬರು ಮಂಡಿ ಒತ್ತಿ, ಹಿಮ್ಮಡಿಗೆ ಹಲಗೆ ತಾಗಿಸಿ ಅಳೆಯಬೇಕು. ‘ಹಲಗೆ ತನ್ನಿ’ ಎಂದೆ. ಟೀಚರ್ ಸುಮ್ಮನೆ ನಿಂತರು. ಸಹಾಯಕಿ ಅಟ್ಟದಿಂದ ಎರಡು ತುಂಡು ತಂದು ನನ್ನ ಮುಂದಿಟ್ಟರು. ಪಾದದ ಕಡೆಯ ಭಾಗವೇ ಇರಲಿಲ್ಲ. ದರ್ಜಿಯ ಟೇಪನ್ನು ಚಾಪೆಯ ಮೇಲೆ ಹಾಸಿ, ಒದ್ದಾಡುವ ಮಗುವನ್ನು ಅದರ ಪಕ್ಕ ಮಲಗಿಸಿ ಕಾಲ್ಬೆರಳ ತುದಿಯವರೆಗೆ ಅಳೆದಿದ್ದರು: 73 ಸೆಂಟಿಮೀಟರ್. ಉದ್ದ ಹೆಚ್ಚು ಬರೆದರೆ ಅದೇ ತೂಕದ ಮಗು ಇನ್ನೂ ಬಡಕಲಾಗಿ ಕಾಣುತ್ತದೆ. ಪಕ್ಕದೂರಿನ ಕೇಂದ್ರದಿಂದ ಹಲಗೆ ತರಿಸಿ, ತಾಯಿಯ ಕೈಯಲ್ಲೇ ತಲೆ ಹಿಡಿಸಿ ಅಳೆದೆವು: 70.5. ಆ ಉದ್ದಕ್ಕೆ ಮಗು ತೀವ್ರ ಅಪೌಷ್ಟಿಕವಲ್ಲ.

‘ಹಲಗೆ ಮುರಿದಿದೆ ಎಂದು ಮೂರು ಸಭೆಯಲ್ಲಿ ಹೇಳಿದ್ದೆ ಮೇಡಂ’ ಎಂದರು ಟೀಚರ್, ತಲೆ ಎತ್ತದೆ.

ಆ ರಾತ್ರಿ ಸಭೆಯ ನಡಾವಳಿ ಪುಸ್ತಕ ತೆಗೆದು ನೋಡಿದೆ. ಹೌದು, ಮೂರು ತಿಂಗಳು, ಮೂರು ಸಲ, ನನ್ನದೇ ಕೈಬರಹದಲ್ಲಿ: ‘ಗಮನಕ್ಕೆ ತರಲಾಗಿದೆ.’ ಯಾರ ಗಮನಕ್ಕೆ, ಯಾವ ದಿನ, ಉತ್ತರವೇನು, ಒಂದೂ ಇಲ್ಲ. ಆ ಎರಡು ಪದಗಳಿಂದ ನಾನು ಒಂದು ಮುರಿದ ಹಲಗೆಯನ್ನು ಅಟ್ಟಕ್ಕೆ ಹಾಕಿ ಕೂತಿದ್ದೆ. ನೋಟಿಸ್ ಕೊಡಲು ಹೊರಟವಳೂ ನಾನೇ.

ಟೀಚರ್ ಆ ಮನೆಗೆ ಹೋಗಿ, ಹೆಸರು ಓದಿದ್ದಕ್ಕೆ ಕ್ಷಮೆ ಕೇಳಿದರು. ಹಲಗೆಯ ವಿಷಯಕ್ಕೆ ನಾನು ಕ್ಷಮೆ ಕೇಳಿದೆ, ಟೀಚರ್ ಮುಂದೆಯೇ. ಮಗು ಪೂರ್ತಿ ಚೆನ್ನಾಗಿದೆ ಎಂದು ಸುಳ್ಳು ಹೇಳಲಿಲ್ಲ. ಅದು ಹಳದಿಯಲ್ಲೇ ಇತ್ತು, ಆರೈಕೆ ಬೇಕಿತ್ತು. ಆ ಮಾತನ್ನು ಈ ಸಲ ಅತ್ತೆ ಕೂತು ಕೇಳಿದರು. ಹೊಸ ಹಲಗೆ ಬಂದದ್ದು ಐದು ಪತ್ರಗಳ ನಂತರ.

ಅಂದಿನಿಂದ ನಾನು ‘ಗಮನಕ್ಕೆ ತರಲಾಗಿದೆ’ ಎಂದು ಬರೆಯುವುದಿಲ್ಲ. ಯಾರಿಗೆ ಬರೆದೆ, ಯಾವ ತಾರೀಕು, ಏನು ಉತ್ತರ ಎಂದು ಬರೆಯುತ್ತೇನೆ. ಮುಂದಿನ ಸಭೆಯ ಮೊದಲ ಅರ್ಧ ಗಂಟೆ ಅದನ್ನು ಓದುವುದಕ್ಕೇ ಮೀಸಲು. ಉತ್ತರ ಬಂದಿಲ್ಲದಿದ್ದರೆ ಬಂದಿಲ್ಲ ಎಂದೇ ಓದುತ್ತೇನೆ. ಮೂರು ತಿಂಗಳಿಗೊಮ್ಮೆ ಸಹಾಯಕಿಯರನ್ನೂ ಕರೆಯುತ್ತೇನೆ, ಟೀಚರ್‌ಗಳಿಲ್ಲದೆ. ಮೊದಲ ಸಲ ಒಬ್ಬರೂ ಬಾಯಿ ಬಿಡಲಿಲ್ಲ. ಎರಡನೆಯ ಸಲ ಒಬ್ಬರು ಹೇಳಿದರು: ‘ಮಧ್ಯಾಹ್ನ ಬಸುರಿಯರು ಊಟಕ್ಕೆ ಬರುವ ಹೊತ್ತಿಗೇ ಮಕ್ಕಳೂ ಹಸಿದಿರುತ್ತಾರೆ. ಟೀಚರ್ ಇಲ್ಲದ ದಿನ ನಾನು ಬಡಿಸಲೋ, ಮಕ್ಕಳನ್ನು ಹಿಡಿಯಲೋ?’ 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗಿನಿಂದ ಗರ್ಭಿಣಿ, ಬಾಣಂತಿಯರಿಗೂ ಬಿಸಿಯೂಟ ಬಡಿಸುವ ಕೈಗಳು ಇವೇ. ಆ ಕೇಂದ್ರದಲ್ಲಿ ಮಕ್ಕಳ ಊಟವನ್ನು ಅರ್ಧ ಗಂಟೆ ಮುಂಚೆ ಮಾಡಿದೆವು. ಅಷ್ಟು ಸಣ್ಣ ಬದಲಾವಣೆ, ಆದರೆ ಅವರು ಹೇಳದೆ ನನಗೆ ಹೊಳೆಯುತ್ತಿರಲಿಲ್ಲ.

ಮೊಟ್ಟೆಯ ಜಗಳ ಪ್ರತಿ ಕೇಂದ್ರದಲ್ಲೂ ಇದ್ದೇ ಇದೆ. ಅಂಗಡಿಯ ದರ ಏರಿದ ತಿಂಗಳು ಬರುವ ಹಣ ಸಾಲದು, ಟೀಚರ್ ಕೈಯಿಂದ ಹಾಕುತ್ತಾರೆ, ಊರಿನವರು ಮೊಟ್ಟೆ ಕದ್ದರು ಎನ್ನುತ್ತಾರೆ. ಅಂಗಡಿಯ ರಸೀದಿಯನ್ನು ಬಾಲವಿಕಾಸ ಸಮಿತಿಯ ಅಧ್ಯಕ್ಷೆಯ ಕೈಯಲ್ಲೇ ಗೋಡೆಗೆ ಅಂಟಿಸಿ ಎಂದಿದ್ದೇನೆ. ಜಗಳ ನಿಂತಿಲ್ಲ, ಕಳ್ಳತನದ ಮಾತು ನಿಂತಿದೆ.

ಇಷ್ಟೆಲ್ಲ ಹೇಳಿದರೂ ಮೇಲ್ವಿಚಾರಕಿಯ ಕೈಗೆ ಎಟುಕದ ಸಂಗತಿಗಳಿವೆ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳನ್ನು ತಂದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಇಂದಿನವರೆಗೂ ಇವರು ‘ಕಾರ್ಯಕರ್ತೆ’, ‘ಸಹಾಯಕಿ’. ಪಡೆಯುವುದು ಸಂಬಳವಲ್ಲ, ‘ಗೌರವಧನ’. ಇವರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ ಹೇಳಬೇಕಾಗಿ ಬಂದದ್ದು 2022ರಲ್ಲಿ. ನೌಕರಳೇ ಅಲ್ಲ ಎನಿಸಿಕೊಂಡವಳ ದೂರಿಗೆ ಯಾವ ಮೇಜಿನ ಮೇಲೆ ಜಾಗವಿರುತ್ತದೆ? ನೋಟಿಸ್ ಕೊಡುವಾಗ ಮಾತ್ರ ಆಕೆ ಪೂರ್ತಿ ನೌಕರಳಾಗುತ್ತಾಳೆ. ಇದು ಅನ್ಯಾಯ ಎಂದು ನನ್ನ ಹೆಸರಿನಲ್ಲೇ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ವಿಡಿಯೊ ಹಂಚಿದವರಲ್ಲಿ ನನ್ನ ಬಂಧುಗಳೂ ಇದ್ದಾರೆ. ನಿಮ್ಮ ಸಿಟ್ಟು ಸರಿ. ಆ ಕೇಂದ್ರದ ಮೇಲ್ವಿಚಾರಕಿ ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ಮೊದಲು ಮಗುವಿನ ತೋಳನ್ನು ನೋಡಿ, ತಾಯಿಯ ಜೊತೆ ಕೂತು ಮಾತಾಡಿ. ಆಮೇಲೆ ಆ ದಿನದ ಹಾಜರಿ ಪುಸ್ತಕ ತೆರೆದು, ಟೀಚರ್‌ಗೆ ಯಾರು ಯಾವ ಕೆಲಸ ಹಚ್ಚಿದ್ದರು, ಸಹಾಯಕಿಯ ಪಾಲಿಗೆ ಎಷ್ಟು ಮಕ್ಕಳಿದ್ದರು ಎಂಬುದನ್ನು ಬರೆದುಕೊಳ್ಳಿ. ನೋಟಿಸ್ ಬರೆಯಲೇಬೇಕಾದರೆ ಅದರಲ್ಲಿ ಆ ಸಾಲೂ ಇರಲಿ.

ಸೋಮವಾರ ಬೆಳಿಗ್ಗೆ ಆ ಬಾಗಿಲು ಮತ್ತೆ ತೆರೆಯುತ್ತದೆ. ಆ ತಾಯಿ ಮಗುವನ್ನು ಕರೆದುಕೊಂಡು ಬರುತ್ತಾರೋ ಇಲ್ಲವೋ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ.