ಡೌನ್‌ಲೋಡ್ ಬಟನ್ ಇದ್ದರೆ ಸಾಲದು, ಕೈಗೆ ಬಂದದ್ದು ಓದಲೂ ಬರಬೇಕು

ನಮ್ಮ ಮಂಗಳೂರು, ಉಡುಪಿ ಕಡೆಯ ತಾಳಮದ್ದಳೆ ವಿಮರ್ಶೆ, ಪಾಡ್ದನದ (ತುಳು ಜನಪದ ಕಥನಗೀತೆ) ಟಿಪ್ಪಣಿ, ಬ್ರಹ್ಮಕಲಶೋತ್ಸವದ ವರದಿ, ಹಿರಿಯ ವೇಷಧಾರಿಗಳಿಗೆ ನುಡಿನಮನ ಎಲ್ಲವೂ ಈಗ ಬರುವುದು ಫೇಸ್‌ಬುಕ್ಕಿನಲ್ಲೇ. ಎಷ್ಟೋ ಬರಹ ಬೇರೆಲ್ಲೂ ಅಚ್ಚಾಗುವುದೇ ಇಲ್ಲ. ಆದ್ದರಿಂದ ಫೇಸ್‌ಬುಕ್ಕು ‘ನಿಮ್ಮ ಬರಹ ಇಳಿಸಿಕೊಳ್ಳಲು ಡೌನ್‌ಲೋಡ್ ಸೌಲಭ್ಯ ಕೊಟ್ಟಿದ್ದೇವಲ್ಲ’ ಎಂದ ಮಾತ್ರಕ್ಕೆ ತಲೆಯಾಡಿಸಿ ಸುಮ್ಮನಾಗುವ ಹಾಗಿಲ್ಲ.

ಫೇಸ್‌ಬುಕ್ಕಿನ ಸೆಟ್ಟಿಂಗ್ಸ್‌ನಲ್ಲಿರುವ ಅಕೌಂಟ್ಸ್ ಸೆಂಟರ್‌ಗೆ ಹೋಗಿ ನಿಮ್ಮ ಮಾಹಿತಿಯ ಪ್ರತಿ ಕೇಳುವಾಗ ಮೂರು ಕಡೆ ಕಣ್ಣಿಡಿ. ಅವಧಿ ‘ಎಲ್ಲ ಕಾಲದ್ದು’ ಎಂದಿರಲಿ, ಇಲ್ಲವಾದರೆ ಹಳೆಯ ಬರಹ ಬಾರದು. ಚಿತ್ರದ ಗುಣಮಟ್ಟ ‘ಹೈ’ ಇರಲಿ. ಫಾರ್ಮ್ಯಾಟ್ ಎಚ್‌ಟಿಎಂಎಲ್ ಒಂದು ಸಲ, ಜೇಸನ್ ಇನ್ನೊಂದು ಸಲ ತೆಗೆದುಕೊಳ್ಳಿ. ಮೊದಲನೆಯದು ಬ್ರೌಸರಿನಲ್ಲಿ ಓದಲಿಕ್ಕೆ, ಎರಡನೆಯದು ಮುಂದೆ ಬೇರೆ ತಂತ್ರಾಂಶಕ್ಕೆ ಸಾಗಿಸಲಿಕ್ಕೆ. ಪ್ರತಿ ಸಿದ್ಧವಾದ ಮೇಲೆ ಸಿಗುವ ಡೌನ್‌ಲೋಡ್ ಲಿಂಕ್ ಕೆಲವೇ ದಿನ ಇರುತ್ತದೆ. ಜಿಪ್ ಬಿಚ್ಚುವಾಗ ಡ್ರೈವಿನ ಬುಡದಲ್ಲೇ ಚಿಕ್ಕ ಹೆಸರಿನ ಫೋಲ್ಡರ್ ಮಾಡಿಕೊಳ್ಳಿ. ವಿಂಡೋಸಿನಲ್ಲಿ ಫೈಲಿನ ಪೂರ್ತಿ ವಿಳಾಸ 260 ಅಕ್ಷರ ಮೀರಿದರೆ ಕೆಲವು ಫೈಲು ಬಿಟ್ಟುಹೋಗುತ್ತವೆ.

ಕನ್ನಡದವರಿಗೆ ನಿಜವಾದ ತಲೆನೋವು ಜೇಸನ್‌ನಲ್ಲಿದೆ. ‘ಕೋಲ’ ಎಂಬುದು ಯುನಿಕೋಡಿನಲ್ಲಿ (ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಪದ್ಧತಿ) 3 ಸಂಕೇತ, ಅವನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಕ್ರಮದಲ್ಲಿ 9 ಬೈಟ್. ಫೇಸ್‌ಬುಕ್ಕಿನ ಜೇಸನ್ ಕಡತ ಪ್ರತಿ ಬೈಟನ್ನೂ ಒಂದೊಂದು ಪ್ರತ್ಯೇಕ ಅಕ್ಷರ ಎಂದೇ ಬರೆದಿಡುತ್ತದೆ. ಹಾಗಾಗಿ ಕೋಲ ಹೋಗಿ 9 ಅರ್ಥವಿಲ್ಲದ ಚಿಹ್ನೆಗಳು ಸಾಲಾಗಿ ಕೂರುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಆದ್ದರಿಂದ ಇಂಗ್ಲಿಷ್ ಪೋಸ್ಟು ಕೆಡುವುದಿಲ್ಲ, ದೂರುವವರೂ ಕಡಿಮೆ! ಪೈಥಾನ್ ಬಲ್ಲವರು ಮೊದಲು ಜೇಸನ್ ಓದಿಸಿ, ಆಮೇಲೆ ಒಳಗಿನ ಪ್ರತಿ ಪಠ್ಯವನ್ನೂ ಲ್ಯಾಟಿನ್-1ಕ್ಕೆ (ಅಕ್ಷರಕ್ಕೆ ಒಂದೇ ಬೈಟಿನ ಹಳೆಯ ಕ್ರಮ) ಎನ್‌ಕೋಡ್ ಮಾಡಿ ಯುಟಿಎಫ್-8 ಆಗಿ ಡಿಕೋಡ್ ಮಾಡಿದರೆ ಸರಿಹೋಗುತ್ತದೆ. ಇಡೀ ಕಡತದ ಮೇಲೆ ನೇರವಾಗಿ ಪ್ರಯೋಗಿಸಿದರೆ ಏನೂ ಆಗದು, ಅಲ್ಲಿರುವುದು ಬರೀ ಎಸ್ಕೇಪ್ ಸಂಕೇತಗಳು, ಅಂದರೆ \u00e0 ಎಂಬಂಥ ಇಂಗ್ಲಿಷ್ ಅಕ್ಷರ, ಅಂಕಿಗಳ ಬರಹ.

ನಿಮ್ಮ ಪೋಸ್ಟಿಗೆ ಬೇರೆಯವರು ಬರೆದ ಕಾಮೆಂಟು ಆ ಜಿಪ್‌ನಲ್ಲಿ ಇರುವುದಿಲ್ಲ. ತಾಳಮದ್ದಳೆಯ ಚರ್ಚೆಯಲ್ಲಿ ರಸ ಇರುವುದೇ ಅಲ್ಲಿ: ಅರ್ಥಧಾರಿ (ಪಾತ್ರದ ಮಾತು ಆಡುವವರು) ಹೇಳಿದ್ದು ಸರಿಯೇ, ಪ್ರಸಂಗದ ಪದ್ಯದಲ್ಲಿ ಏನಿದೆ ಎಂಬ ಜಗಳ. ಮುಖ್ಯ ಪೋಸ್ಟುಗಳಲ್ಲಿ ‘ಎಲ್ಲ ಕಾಮೆಂಟು’ ಆರಿಸಿ, ಉತ್ತರಗಳನ್ನೂ ಬಿಡಿಸಿ, ಪಿಡಿಎಫ್‌ಗೆ ಪ್ರಿಂಟ್ ಕೊಡಿ. ಬೇಸರದ ಕೆಲಸ, ಬೇರೆ ದಾರಿ ನನಗಂತೂ ಕಾಣುತ್ತಿಲ್ಲ. ಯಕ್ಷಗಾನದ ಲೈವ್ ಮಾಡುವವರು ಇನ್ನೂ ಅವಸರ ಮಾಡಬೇಕು: 2025ರ ಫೆಬ್ರವರಿ 19ರಿಂದ ಹೊಸ ಲೈವ್ ವಿಡಿಯೋ 30 ದಿನ ಮಾತ್ರ ಉಳಿಯುತ್ತದೆ.

ಕಾನೂನೂ ಇಲ್ಲಿ ಕೈಹಿಡಿಯುವುದಿಲ್ಲ. ಯುರೋಪಿನ ದತ್ತಾಂಶ ರಕ್ಷಣಾ ಕಾನೂನಾದ ಜಿಡಿಪಿಆರ್‌ನ 20ನೇ ವಿಧಿ ನಮ್ಮ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಕೇಳಿ ಪಡೆಯುವ ಹಕ್ಕು ಕೊಡುತ್ತದೆ. ಭಾರತದ 2019ರ ವೈಯಕ್ತಿಕ ದತ್ತಾಂಶ ರಕ್ಷಣಾ ಮಸೂದೆಯಲ್ಲೂ ಅಂಥದ್ದಿತ್ತು, 2023ರ ಕಾಯ್ದೆ ಬರುವಷ್ಟರಲ್ಲಿ ಬಿಟ್ಟುಹೋಯಿತು. ಬಿಡಬಾರದಿತ್ತು.

ಇಲ್ಲೇ ಕೂತು ಆ್ಯಪ್ ಕಟ್ಟುವ ನಮ್ಮ ಹುಡುಗರಾದರೂ ಇದನ್ನು ಸರಿಯಾಗಿ ಮಾಡಬಹುದು. ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಕೋಷ್ಟಕದ ಕಡತ) ಕೊಡುವುದಾದರೆ ಯುಟಿಎಫ್-8ರ ಮುಂದೆ ಬಿಒಎಂ (ಇದು ಯುಟಿಎಫ್-8 ಎಂದು ತಿಳಿಸುವ ಮೊದಲ ಗುರುತು) ಹಾಕಿ, ಇಲ್ಲದಿದ್ದರೆ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದವರಿಗೆ ಕನ್ನಡ ಕಲಸುಮೇಲೋಗರವಾಗಿ ಕಾಣಬಹುದು. ಸಮಯದ ಜೊತೆ ಅದು ಭಾರತದ ವೇಳೆ ಎಂದು ತಿಳಿಯುವಂತೆ +05:30 ಬರೆಯಿರಿ. ಚಿತ್ರದ ಲಿಂಕ್ ಕೊಟ್ಟು ಕೈತೊಳೆಯಬೇಡಿ, ಚಿತ್ರವನ್ನೇ ಕೊಡಿ. ಸರ್ವರ್ ನಿಂತ ದಿನ ಲಿಂಕಿಗೆ ಬೆಲೆಯಿಲ್ಲ. ಬಿಡುಗಡೆಗೆ ಮುಂಚೆ ಒತ್ತಕ್ಷರ ತುಂಬಿದ ಒಂದು ಪೋಸ್ಟನ್ನು ಹೊರತೆಗೆದು, ಇಂಟರ್ನೆಟ್ ಇಲ್ಲದ ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡಿ.