ಎಣ್ಣೆ ಅಂದ್ರೆ ನಗೋದ್ಯಾಕೆ?

ರಾಯಚೂರಿನಲ್ಲಿ ಕಿರಾಣಿ ಅಂಗಡಿಗೆ ಹೋಗಿ "ಅಣ್ಣ, ಒಂದು ಲೀಟರ್ ಎಣ್ಣೆ ಕೊಡಿ" ಅಂದರೆ ಸಾಕು, ಪಕ್ಕದಲ್ಲಿ ನಿಂತ ಹುಡುಗರು ಕಿಸಕ್ಕನೆ ನಗುತ್ತಾರೆ. ನನಗೆ ಬೇಕಿರೋದು ಒಗ್ಗರಣೆಗೆ ಶೇಂಗಾ ಎಣ್ಣೆ! ದೀಪಕ್ಕೆ, ತಲೆಗೆ, ಮಿರ್ಚಿ ಕರಿಯೋದಕ್ಕೆ ದಿನಾ ಬೇಕಾದ ಮಾತು, ಅದನ್ನ ಪೂರ್ತಿ ಕುಡಿಯೋರಿಗೆ ಬಿಟ್ಟುಕೊಡಬೇಕಾ? ಸಿಟ್ಟು ಬರುತ್ತದೆ.

"ನಿನ್ನೆ ಎಣ್ಣೆ ಹೊಡೆದ್ವಿ" ಅಂದರೆ ಅವರಿಗೆ ಏನೋ ಹಗುರ ಅನಿಸುತ್ತದೆ, ಆದರೆ ಕೂಲಿ ದುಡ್ಡು ಮನೆಗೆ ಬರುತ್ತಾ ಅಂತ ಬಾಗಿಲಲ್ಲಿ ಕಾಯುವ ಹೆಂಗಸಿಗೆ ಅದು ಹಗುರ ಅಲ್ಲ. 2007ರಲ್ಲಿ ಸಾರಾಯಿ ಬಂದ್ ಆಯ್ತು, ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧ ಮಾಡಿ ಅಂತ ಹೆಣ್ಣುಮಕ್ಕಳು, ನಮ್ಮ ಜಿಲ್ಲೆಯವರೂ ಸೇರಿ, ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಅವರ ಮುಂದೆ ಈ ಮಾತು ಆಡಿ ನಗೋಕೆ ಆಗುತ್ತಾ? ಕುಡಿದಿದ್ದರೆ ಕುಡಿದೆ ಅಂತ ನೇರ ಹೇಳ್ರಪ್ಪ.