ಕಥೆಯೊಳಗಿನ ಮಗು, ಕ್ಯಾಮೆರಾ ಮುಂದಿನ ಮಗು

1931ರಲ್ಲಿ ಹಾಲಿವುಡ್‌ನಲ್ಲಿ 'ಸ್ಕಿಪ್ಪಿ' ಅಂತ ಒಂದು ಸಿನಿಮಾ ಬಂತು. ಅದರಲ್ಲಿ ಜಾಕಿ ಕೂಪರ್ ಅನ್ನುವ ಪುಟ್ಟ ಹುಡುಗ ಬಿಕ್ಕಿಬಿಕ್ಕಿ ಅಳಬೇಕಿತ್ತು. ಎಷ್ಟು ಹೇಳಿದರೂ ಅಳು ಬರಲಿಲ್ಲ. ನಿರ್ದೇಶಕ ನಾರ್ಮನ್ ಟಾರೋಗ್ ಹುಡುಗನಿಗೆ ಹತ್ತಿರದ ಸಂಬಂಧಿ ಬೇರೆ. ನಿನ್ನ ನಾಯಿಯನ್ನು ಗುಂಡಿಟ್ಟು ಕೊಲ್ಲಿಸುತ್ತೇನೆ ಅಂತ ಹೆದರಿಸಿದ. ಕಾವಲುಗಾರ ನಾಯಿಯನ್ನು ಸೆಟ್‌ನ ಹಿಂದಕ್ಕೆ ಎಳೆದುಕೊಂಡು ಹೋದ. ಗುಂಡಿನ ಸದ್ದು ಕೇಳಿಸಿತು. ಹುಡುಗ ಅತ್ತ, ಕ್ಯಾಮೆರಾ ಓಡಿತು. ನಾಯಿಗೆ ಏನೂ ಆಗಿರಲಿಲ್ಲ, ಎಲ್ಲಾ ನಾಟಕ. ಆ ಚಿತ್ರಕ್ಕೆ ಟಾರೋಗ್‌ಗೆ ಅತ್ಯುತ್ತಮ ನಿರ್ದೇಶಕ ಅಂತ ಆಸ್ಕರ್ ಬಂತು. ಒಂಬತ್ತು ವರ್ಷದ ಹುಡುಗನೂ ಅತ್ಯುತ್ತಮ ನಟ ಪ್ರಶಸ್ತಿಯ ಪಟ್ಟಿಯಲ್ಲಿದ್ದ. 1981ರಲ್ಲಿ, ಅಂದರೆ ಐವತ್ತು ವರ್ಷ ಕಳೆದ ಮೇಲೆ, ಕೂಪರ್ ತನ್ನ ಆತ್ಮಕಥೆ ಬರೆದ. ಅದಕ್ಕೆ ಇಟ್ಟ ಹೆಸರು 'ಪ್ಲೀಸ್ ಡೋಂಟ್ ಶೂಟ್ ಮೈ ಡಾಗ್'.

ಕಲಾವಿದನ ಸ್ವಾತಂತ್ರ್ಯ ಮಕ್ಕಳ ವಿಷಯದಲ್ಲಿ ಎಲ್ಲಿ ನಿಲ್ಲಬೇಕು ಅಂತ ಯಾರಾದರೂ ಕೇಳಿದರೆ ನಾನು ಬೆರಳು ತೋರಿಸುವುದು ಈ ಸೆಟ್ಟಿನ ಕಡೆಗೆ. ನಮ್ಮಲ್ಲಿ ಚರ್ಚೆ ಮಾತ್ರ ಯಾವಾಗಲೂ ಬೇರೆ ಕಡೆಗೇ ಹೋಗುತ್ತದೆ. ಕಥೆಯಲ್ಲಿ ಏನಿದೆ, ಯಾವ ದೃಶ್ಯಕ್ಕೆ ಕತ್ತರಿ ಹಾಕಬೇಕು, ಯಾವ ಪುಸ್ತಕ ಮಕ್ಕಳ ಕೈಗೆ ಸಿಗಬಾರದು, ಇದರಲ್ಲೇ ದಿನ ಕಳೆಯುತ್ತೇವೆ. ದೊಡ್ಡವರು ತಮಗೆ ಹಿಡಿಸದ್ದನ್ನು ನಿಲ್ಲಿಸಬೇಕು ಅನ್ನಿಸಿದಾಗ 'ಮಕ್ಕಳು ಕೆಟ್ಟು ಹೋಗ್ತಾರೆ' ಅಂತ ಶುರು ಮಾಡುತ್ತಾರೆ. ಈ ಆಟ ನನಗೆ ಸ್ವಲ್ಪವೂ ಇಷ್ಟವಿಲ್ಲ. ಯಾವ ವಯಸ್ಸಿನವರು ಏನು ನೋಡಬಹುದು ಅಂತ ಹೇಳಲು ಪ್ರಮಾಣಪತ್ರಗಳಿವೆ. ಈಗಂತೂ ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದು ಅನ್ನುವ ಯುಎ ಪ್ರಮಾಣಪತ್ರವನ್ನೇ ವಯಸ್ಸಿನ ಪ್ರಕಾರ 7, 13, 16 ಅಂತ ಮೂರು ಮಾಡಿದ್ದಾರೆ. ಅಷ್ಟು ಸಾಕು.

ಕಥೆಯೊಳಗಿನ ಮಗುವಿಗೆ ಏನು ಬೇಕಾದರೂ ಆಗಬಹುದು. ಆಗಲೇಬೇಕು ಕೆಲವು ಸಲ. ಗಿರೀಶ ಕಾಸರವಳ್ಳಿ ಅವರ 'ಘಟಶ್ರಾದ್ಧ' (1977) ನೆನಪು ಮಾಡಿಕೊಳ್ಳಿ. ವೇದಪಾಠಶಾಲೆಗೆ ಬಂದ ಪುಟ್ಟ ನಾಣಿ, ಗರ್ಭಿಣಿಯಾದ ವಿಧವೆ ಯಮುನಕ್ಕನನ್ನು ಊರು ಹೇಗೆ ತುಳಿಯುತ್ತದೆ ಅಂತ ನೋಡುತ್ತಾನೆ. ಗರ್ಭಪಾತ, ಬದುಕಿರುವವಳಿಗೆ ಶ್ರಾದ್ಧ, ಬೋಳಿಸಿದ ತಲೆ. ಮಗುವಿನ ಕಣ್ಣಿಂದ ನೋಡಿದ್ದಕ್ಕೇ ಅದು ನಮ್ಮನ್ನು ಇಷ್ಟು ಕಾಡುತ್ತದೆ. 'ಪಾಪ, ಮಗುವಿಗೆ ಇದೆಲ್ಲ ಯಾಕೆ' ಅಂತ ಆ ಪಾತ್ರವನ್ನು ತೆಗೆದರೆ ಕಥೆಯೇ ಉಳಿಯುವುದಿಲ್ಲ. ನಾಣಿ ಪಾತ್ರ ಮಾಡಿದ ಅಜಿತ್ ಕುಮಾರ್‌ಗೆ ರಾಷ್ಟ್ರಪ್ರಶಸ್ತಿಯೂ ಬಂತು.

ಆದರೆ ನಾಣಿ ಪಾತ್ರ ಮಾಡುವವನು ನಿಜವಾದ ಹುಡುಗ. ಅವನಿಗೆ ಹಸಿವಾಗುತ್ತದೆ, ನಿದ್ದೆ ಬರುತ್ತದೆ, ಭಯವಾಗುತ್ತದೆ. ನಾಣಿಯ ಭಯ ಕಥೆಗಾರನದು. ಆ ಹುಡುಗನ ಭಯ ಹುಡುಗನದೇ. ಅದನ್ನು ಕೇಳದೆ ತೆಗೆದುಕೊಳ್ಳುವ ಸ್ವಾತಂತ್ರ್ಯ ಯಾವ ದೊಡ್ಡ ಕಲಾವಿದನಿಗೂ ಇಲ್ಲ ಅನ್ನುವುದು ನನ್ನ ವಾದ.

'ಹಾಗಾದರೆ ಸಹಜ ಅಭಿನಯ ಎಲ್ಲಿಂದ ಬರುತ್ತೆ?' ಅಂತ ಕೇಳುವವರಿದ್ದಾರೆ. ಸಿನಿಮಾ ಅನ್ನೋದೇ ಜೋಡಣೆಯ ಕೆಲಸ, ಅಲ್ವಾ? ಮಗುವಿನ ಮುಖ ಒಂದು ದಿನ ತೆಗೆಯಬಹುದು, ಅದು 'ನೋಡಿದ' ಘೋರ ದೃಶ್ಯವನ್ನು ಇನ್ನೊಂದು ದಿನ, ಮಗು ಮನೆಯಲ್ಲಿ ಮಲಗಿರುವಾಗ ತೆಗೆಯಬಹುದು. ಎಡಿಟಿಂಗ್ ಟೇಬಲ್ ಮೇಲೆ ಎರಡೂ ಸೇರುತ್ತವೆ. ಕುಬ್ರಿಕ್‌ನ 'ದಿ ಶೈನಿಂಗ್' (1980) ಎಂಥ ಭಯಾನಕ ಚಿತ್ರ ಅಂತ ನೋಡಿದವರಿಗೆ ಗೊತ್ತು. ಅದರಲ್ಲಿ ನಟಿಸಿದ ಪುಟ್ಟ ಡ್ಯಾನಿ ಲಾಯ್ಡ್‌ಗೆ ತಾನು ಹಾರರ್ ಚಿತ್ರದಲ್ಲಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ. ಹೋಟೆಲಿನಲ್ಲಿ ಇರುವ ಒಂದು ಕುಟುಂಬದ ಕಥೆ ಅಂತ ಹೇಳಿದ್ದರು, ಅಷ್ಟೇ. ದೊಡ್ಡ ನಟರನ್ನು ಗೋಳು ಹೊಯ್ದುಕೊಂಡಿದ್ದಕ್ಕೆ ಹೆಸರಾದ ನಿರ್ದೇಶಕನಿಗೇ ಇದು ಸಾಧ್ಯವಾಯಿತು. ಹಾಗಾಗಿ 'ನಿಜವಾಗಿ ಹೆದರಿಸದೆ ಶಾಟ್ ಬರಲಿಲ್ಲ' ಅನ್ನುವವರು ತಮ್ಮ ಕೆಲಸ ಬರದಿರುವುದಕ್ಕೆ ಕಲೆಯ ಹೆಸರು ಹೇಳುತ್ತಿದ್ದಾರೆ.

ಮಗುವಿನ ದೇಹದ ಪ್ರಶ್ನೆ ಬಂದರೆ ನನಗೆ ಚರ್ಚೆಯೇ ಬೇಡ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಇರುವುದೇ ಅದಕ್ಕೆ. ಪ್ಯಾರಿಸ್‌ನಲ್ಲಿ ಐರಿನಾ ಯೊನೆಸ್ಕೊ ಅನ್ನುವ ಛಾಯಾಗ್ರಾಹಕಿ 1970ರ ದಶಕದಲ್ಲಿ ತನ್ನ ಪುಟ್ಟ ಮಗಳ ಬೆತ್ತಲೆ ಚಿತ್ರಗಳನ್ನು ತೆಗೆದು ಕಲೆ ಅಂತ ಪ್ರದರ್ಶನಕ್ಕಿಟ್ಟಳು. ಕಲಾವಲಯ ಹೊಗಳಿತು. ಮಗಳು ಇವಾ ದೊಡ್ಡವಳಾಗಿ ಕೋರ್ಟಿಗೆ ಹೋದಳು. 2012ರಲ್ಲಿ ಪರಿಹಾರದ ಜೊತೆ ನೆಗೆಟಿವ್‌ಗಳನ್ನೂ ಮಗಳಿಗೆ ಕೊಡಬೇಕು ಅಂತ ಕೋರ್ಟ್ ಹೇಳಿತು. ಹೆತ್ತ ತಾಯಿಯ ಒಪ್ಪಿಗೆ ಮಗಳ ಒಪ್ಪಿಗೆ ಆಗಿರಲಿಲ್ಲ.

ಈಗ ನಮ್ಮ ಮನೆ ಟೀವಿಗೆ ಬರೋಣ. 2016ರಲ್ಲಿ ಬಾಲಕಾರ್ಮಿಕ ಕಾಯ್ದೆಗೆ ತಿದ್ದುಪಡಿ ಬಂದು, ಹದಿನಾಲ್ಕು ತುಂಬದವರ ದುಡಿಮೆ ಎಲ್ಲ ಕಡೆ ನಿಷೇಧವಾಯಿತು. ವಿನಾಯಿತಿ ಸಿಕ್ಕಿದ್ದು ಮನೆಯವರಿಗೆ ನೆರವಾಗುವ ಕೆಲಸಕ್ಕೆ ಮತ್ತು ಮನರಂಜನಾ ಉದ್ಯಮದ ಬಾಲಕಲಾವಿದರಿಗೆ. (ಸರ್ಕಸ್ಸಿಗೆ ಮಾತ್ರ ಇಲ್ಲ.) ಮರುವರ್ಷ ಬಂದ ನಿಯಮಗಳು ಕಾಗದದ ಮೇಲೆ ಚೆನ್ನಾಗಿಯೇ ಇವೆ. ದಿನಕ್ಕೆ ಐದು ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಸತತ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಸಂಪಾದನೆಯ ಶೇ. 20ರಷ್ಟನ್ನಾದರೂ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಮಗುವಿಗೆ ಇಷ್ಟ ಇಲ್ಲದಿದ್ದರೆ ಮಾಡಿಸುವಂತಿಲ್ಲ. ಇದಕ್ಕೆಲ್ಲ ಮೊದಲು ನಿರ್ಮಾಪಕರು ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಪಡೆಯಬೇಕು. ಚಿತ್ರೀಕರಣದಲ್ಲಿ ಮಗುವಿಗೆ ಶೋಷಣೆ ಆಗದಂತೆ ನೋಡಿಕೊಂಡಿದ್ದೇವೆ ಅಂತ ಪರದೆಯ ಮೇಲೆ ಬರೆದು ತೋರಿಸಲೂಬೇಕು.

ಈ ಕೊನೆಯದನ್ನು ಎಷ್ಟು ಜನ ಗಮನಿಸಿದ್ದೀರಿ? 'ಯಾವುದೇ ಪ್ರಾಣಿಗೆ ಹಿಂಸೆ ಮಾಡಿಲ್ಲ' ಅನ್ನುವ ಸಾಲು ನಮಗೆಲ್ಲ ಬಾಯಿಪಾಠ. ಮಕ್ಕಳ ಸಾಲು ನೆನಪಿಗೇ ಬರುವುದಿಲ್ಲ.

ಮಕ್ಕಳ ರಿಯಾಲಿಟಿ ಶೋಗಳ ಎಲಿಮಿನೇಶನ್ ಎಪಿಸೋಡುಗಳನ್ನೇ ನೋಡಿ. ಏಳೆಂಟು ವರ್ಷದ ಮಗು ಸೋತು ನಿಂತಿರುತ್ತದೆ. ಕ್ಯಾಮೆರಾ ಹತ್ತಿರ ಹೋಗುತ್ತದೆ, ತುಟಿ ನಡುಗುವುದನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ, ಹಿಂದೆ ಪಿಟೀಲು. ಅಮ್ಮನ ಮುಖಕ್ಕೆ ಕಟ್, ತೀರ್ಪುಗಾರರ ಮುಖಕ್ಕೆ ಕಟ್, ಮತ್ತೆ ಮಗುವಿನ ಕಣ್ಣಿಗೆ. ಮರುದಿನ ಪ್ರೋಮೊದಲ್ಲಿ ಅದೇ ಕಣ್ಣೀರು ಹತ್ತು ಸಲ. ಇಲ್ಲಿ ಕಥೆಯೂ ಇಲ್ಲ, ಪಾತ್ರವೂ ಇಲ್ಲ. ಇರುವುದು ಆ ಮಗುವಿನ ನಿಜವಾದ ಅವಮಾನ, ಅದರ ನಡುವೆ ಜಾಹೀರಾತು. ಇನ್ನೊಂದು ಕಡೆ, ದೊಡ್ಡವರ ಐಟಂ ಸಾಂಗಿಗೆ ಪುಟ್ಟ ಹುಡುಗಿಯರನ್ನು ಸೊಂಟ ಕುಣಿಸಿ ಚಪ್ಪಾಳೆ ಹೊಡೆಯುವುದು. 2019ರಲ್ಲಿ ಕೇಂದ್ರದ ಮಾಹಿತಿ ಮತ್ತು ಪ್ರಸಾರ ಸಚಿವಾಲಯವೇ ಚಾನೆಲ್‌ಗಳಿಗೆ ಇದರ ಬಗ್ಗೆ ಎಚ್ಚರಿಕೆಯ ಸಲಹೆ ಕಳಿಸಿತ್ತು. ಸಲಹೆ ಅಂದರೆ ಸಲಹೆ, ಅಷ್ಟೇ.

ಇಷ್ಟು ಬರೆದರೆ ಕಾಮೆಂಟಿನಲ್ಲಿ ಏನು ಬರುತ್ತದೆ ಅಂತ ಗೊತ್ತು. 'ನಮ್ಮ ಅಪ್ಪು ಬಾಲನಟ ಆಗಿರಲಿಲ್ವಾ?' ಆಗಿದ್ದರು ಸ್ವಾಮಿ. ಕೂಸಾಗಿದ್ದಾಗಲೇ ತೆರೆ ಮೇಲೆ ಬಂದರು. 'ಬೆಟ್ಟದ ಹೂವು' ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದರು. ಆ ರಾಮುವನ್ನು ಮರೆಯೋದುಂಟಾ! ಆದರೆ ಆ ಹುಡುಗನ ತಂದೆ ಡಾ. ರಾಜ್‌ಕುಮಾರ್, ತಾಯಿ ಪಾರ್ವತಮ್ಮ ಸ್ವತಃ ನಿರ್ಮಾಪಕಿ. 'ಪಾಪುಗೆ ಸುಸ್ತಾಗಿದೆ, ಇವತ್ತಿಗೆ ಸಾಕು' ಅಂತ ಅಂಥ ಮನೆಯವರು ಹೇಳಿದರೆ ಎದುರು ಮಾತಾಡುವ ಧೈರ್ಯ ಯಾರಿಗಿತ್ತು? ಜಿಲ್ಲೆಯ ಮೂಲೆಯಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಆಡಿಶನ್ನಿಗೆ ಬಂದ ತಾಯಿ ಅದೇ ಮಾತು ಹೇಳಿದರೆ, ಅವಕಾಶ ಹಿಂದೆ ನಿಂತಿರುವ ಮಗುವಿಗೆ ಹೋಗುತ್ತದೆ. ಅದು ಅವಳಿಗೆ ಗೊತ್ತು. ಅದಕ್ಕೇ ಬಾಯಿ ಬಿಡುವುದಿಲ್ಲ. ನಾನು ಆ ತಾಯಂದಿರನ್ನು ಬೈಯಲು ಹೊರಟಿಲ್ಲ. ಅವರು ಹೇಳಲಾಗದ 'ಸಾಕು' ಅನ್ನೋ ಮಾತನ್ನು ಬೇರೆ ಯಾರಾದರೂ ಹೇಳಬೇಕು. ಚಾನೆಲ್‌ನಿಂದ ಸಂಬಳ ಪಡೆಯದ ಒಬ್ಬರು ಸೆಟ್ಟಿನಲ್ಲಿ ನಿಂತು, ಮಗುವಿನ ಪರವಾಗಿ ಶೂಟಿಂಗ್ ನಿಲ್ಲಿಸುವ ಅಧಿಕಾರ ಹೊಂದಿರಬೇಕು. ಒಳ್ಳೆಯ ಶಾಟ್ ಒಂದು ತಪ್ಪಿಹೋದರೆ ಹೋಗಲಿ.

ಧಾರಾವಾಹಿ, ರಿಯಾಲಿಟಿ ಶೋಗಳಲ್ಲಿ ಕೆಲಸ ಮಾಡಿದ ಗೆಳೆಯರು ನನ್ನ ಲಿಸ್ಟಿನಲ್ಲಿ ಸಾಕಷ್ಟಿದ್ದೀರಿ. ಜಿಲ್ಲಾ ಮ್ಯಾಜಿಸ್ಟ್ರೇಟರು ಕೊಟ್ಟ ಆ ಅನುಮತಿ ಪತ್ರವನ್ನು ಸೆಟ್ಟಿನಲ್ಲಿ ಯಾರಾದರೂ ಕಣ್ಣಾರೆ ಕಂಡಿದ್ದೀರಾ? ಐದು ಗಂಟೆ ಆಯಿತು ಅಂತ ಮಗುವನ್ನು ಮನೆಗೆ ಕಳಿಸಿದ್ದನ್ನು ನೋಡಿದ್ದೀರಾ? ಚಾನೆಲ್ ಹೆಸರು ಬೇಡ, ಮಗುವಿನ ಹೆಸರಂತೂ ಬೇಡವೇ ಬೇಡ. ಕಂಡಿದ್ದೀರೋ ಇಲ್ಲವೋ, ಅಷ್ಟು ಹೇಳಿ.